ಸ್ಟೂಲಿನ ಮೇಲೆ ಕೂತ ದೊರೆ

ಪೆಟ್ಟಿಗೆ ಲಿಫ್ಟಿನಲ್ಲಿ ಹೋಗುತ್ತಿತ್ತು. ನಾನು ಮೆಟ್ಟಿಲು ಹತ್ತುತ್ತಿದ್ದೆ.

ತಮಾಷೆಗೆ ಹೇಳುತ್ತಿಲ್ಲ. ಆಸ್ಪತ್ರೆಯ ಲಿಫ್ಟಿನ ಪಕ್ಕದ ಗೋಡೆಗೆ ಬೋರ್ಡು ಅಂಟಿಸಿದ್ದರು. ಅಕ್ಷರ ಬಲ್ಲವರು ಯಾರು ಬೇಕಾದರೂ ಓದಬಹುದಿತ್ತು. ‘ಮಾದರಿ ಪೆಟ್ಟಿಗೆಯನ್ನು ಲಿಫ್ಟಿನಲ್ಲಿಯೇ ಕಳುಹಿಸತಕ್ಕದ್ದು. ಮಾದರಿ ಸಿಬ್ಬಂದಿ ಲಿಫ್ಟ್ ಬಳಸಕೂಡದು.’ ಕೆಳಗೆ ಮ್ಯಾನೇಜರ ಸಹಿ. ಸಹಿಯ ಪಕ್ಕ ಸೀಲು.

ಮಾದರಿ ಎಂದರೆ ಜನರ ಸಿಂಬಳ. ಸಿಬ್ಬಂದಿ ಎಂದರೆ ನಾನು. ಸಿಂಬಳಕ್ಕೆ ಲಿಫ್ಟು, ನನಗೆ ಮೆಟ್ಟಿಲು. ಓದಿ ನಗು ಬಂದರೆ ನಗಿ. ನನಗೂ ಬರುತ್ತಿತ್ತು, ಆದರೆ ಮೂರನೆಯ ಮಹಡಿ ದಾಟುವಾಗ ನಗುವಷ್ಟು ಉಸಿರು ಇರುತ್ತಿರಲಿಲ್ಲ.

ನಮ್ಮ ಜಾಗ ಆಸ್ಪತ್ರೆಯ ಹಿಂದೆ. ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಕೆಮ್ಮು, ಜ್ವರ, ನೆಗಡಿ ಎಂದು ಬಂದವರನ್ನೆಲ್ಲ ಮೊದಲು ಅಲ್ಲಿಗೆ ಕಳುಹಿಸುತ್ತಾರೆ. ಅಲ್ಲಿ ಕಡ್ಡಿ ಅಕ್ಕ ಇರುತ್ತಾಳೆ. ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತದೆ. ಉದ್ದನೆಯ ಕಡ್ಡಿಯನ್ನು ಮೂಗಿನೊಳಗೆ ನೇರವಾಗಿ ತೂರಿಸಿ, ಹಿಂದಿನ ಗೋಡೆ ಮುಟ್ಟಿಸಿ, ಮೆಲ್ಲಗೆ ತಿರುಗಿಸಿ ಈಚೆ ತೆಗೆಯುವುದು ಅವಳ ಕೆಲಸ. ಟ್ಯೂಬು ಹಿಡಿಯುವುದು ನನ್ನ ಕೆಲಸ. ಅವಳು ಕಡ್ಡಿಯನ್ನು ಗುಲಾಬಿ ಬಣ್ಣದ ನೀರಿಗೆ ಅದ್ದಿ ಮುರಿಯುತ್ತಾಳೆ. ನಾನು ಮುಚ್ಚಳ ಬಿಗಿಯುತ್ತೇನೆ. ಒರೆಸುತ್ತೇನೆ. ಹತ್ತಿ ಸುತ್ತುತ್ತೇನೆ. ಜಿಪ್ ಕವರಿಗೆ ಹಾಕುತ್ತೇನೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸುತ್ತೇನೆ. ಪೆಟ್ಟಿಗೆ ತುಂಬಿದ ಮೇಲೆ ನಾಲ್ಕನೆಯ ಮಹಡಿಯ ಲ್ಯಾಬಿಗೆ ಮುಟ್ಟಿಸುತ್ತೇನೆ.

ಮೂಗುಗಳಲ್ಲಿ ನಾನು ನೋಡದ ಮೂಗಿಲ್ಲ. ಕೂತ ಕೂಡಲೇ ಅಳುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಮೀಸೆ ಇರುವವರು. ಮೂಗು ತೋರಿಸಿ ಎಂದರೆ ನಾಲಿಗೆ ಚಾಚುವವರಿದ್ದಾರೆ. ಗಂಟಲಿಗೆ ಕಡ್ಡಿ ಹಾಕಿದಾಗ ಒಬ್ಬ ಯಜಮಾನರು ಕಚ್ಚಿ ಹಿಡಿದವರು ಬಿಡಲೇ ಇಲ್ಲ. ಕಡ್ಡಿ ಅಕ್ಕ ಈ ಕಡೆ ಎಳೆಯುತ್ತಾಳೆ, ಅವರು ಆ ಕಡೆ ಎಳೆಯುತ್ತಾರೆ. ಇನ್ನೊಬ್ಬನಿಗೆ ಕಡ್ಡಿ ಮೂಗಿನಲ್ಲಿ ಇರುವಾಗಲೇ ಫೋನ್ ಬಂತು. ಎತ್ತಿ, “ಆಮೇಲೆ ಮಾಡ್ತೀನಿ, ಈಗ ಮೂಗಲ್ಲಿದೀನಿ” ಎಂದ.

ಸೀನಿದರೆ ನಮ್ಮ ಮುಖಕ್ಕೇ. ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಒರೆಸಿಕೊಂಡು ಮುಂದಿನವರನ್ನು ಕರೆಯುತ್ತೇವೆ. ಮೈಮೇಲಿನ ಗೌನಿನ ಒಳಗೆ ಬೆವರು ಇಳಿದು ಚಪ್ಪಲಿ ತೋಯುತ್ತದೆ. ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಗೌನು ಬಿಚ್ಚಬೇಕು, ಬಿಚ್ಚಿದರೆ ಹೊಸದು ಕೇಳಬೇಕು, ಕೇಳಿದರೆ ಸ್ಟೋರಿನವನು ತನ್ನ ಮಾವನ ಮನೆಯಿಂದ ತಂದು ಕೊಡುವಂತೆ ಮುಖ ಮಾಡುತ್ತಾನೆ. ಕ್ಯಾಂಟೀನಿನಲ್ಲಿ ನಮಗೆ ಒಳಗೆ ಜಾಗವಿಲ್ಲ. ಕಿಟಕಿಯ ಹೊರಗೆ ನಿಲ್ಲಬೇಕು. ಟೀ ಕೊಡುವವನು ಕೈ ಎತ್ತರಕ್ಕೆ ಹಿಡಿದು ಮೇಲಿನಿಂದ ಸುರಿಯುತ್ತಾನೆ. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ.

ಇಷ್ಟರ ನಡುವೆ ನಮಗೆ ಅಂತ ಇದ್ದದ್ದು ಒಂದು ಸ್ಟೂಲು. ಮೂರು ಕಾಲಿನ ಮರದ ಸ್ಟೂಲು. ಕಡ್ಡಿ ಅಕ್ಕ ಸ್ವಲ್ಪ ಹೊತ್ತು ಕೂರುವಳು, ನಾನು ಸ್ವಲ್ಪ ಹೊತ್ತು. ಅದನ್ನೂ ಕಿತ್ತುಕೊಂಡರು. ಯಾರಿಗೆ ಅಂತೀರಿ? ಪೆಟ್ಟಿಗೆಗೆ.

ಅದು ಆದದ್ದು ಹೀಗೆ. ಮೊದಲು ಪೆಟ್ಟಿಗೆ ಹಿಡಿದುಕೊಂಡು ನಾನೂ ಲಿಫ್ಟಿನಲ್ಲೇ ಹೋಗುತ್ತಿದ್ದೆ. ಒಂದು ದಿನ ಘಮಘಮ ಸೆಂಟು ಹಾಕಿಕೊಂಡ ಹೆಂಗಸೊಬ್ಬಳು ಹತ್ತಿದಳು. “ಏನಮ್ಮಾ ಅದು, ಐಸ್ ಕ್ರೀಮಾ?” ಎಂದಳು. ಸುಳ್ಳು ಯಾಕೆ ಹೇಳಲಿ? “ಅಲ್ಲ ಮೇಡಂ, ಸಿಂಬಳ” ಎಂದೆ. ಆಕೆ ಕಿಟಾರನೆ ಕಿರುಚಿ ಮುಂದಿನ ಮಹಡಿಯಲ್ಲೇ ಇಳಿದು ಸೀದಾ ಮ್ಯಾನೇಜರ ಕೋಣೆಗೆ ನಡೆದಳು. ಸಂಜೆಯೊಳಗೆ ಗೋಡೆಗೆ ಬೋರ್ಡು ಬಂತು. ಪೆಟ್ಟಿಗೆಗೂ ಲಿಫ್ಟಿಲ್ಲ, ನನಗೂ ಇಲ್ಲ.

ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದೆ. ಟ್ಯೂಬುಗಳು ಒಳಗೆ ಲಟಪಟ ಬಿದ್ದು ಮಲಗಿದವು. ಲ್ಯಾಬಿನ ಡಾಕ್ಟರಮ್ಮ ಕೆಂಡಾಮಂಡಲವಾಗಿ ಕೆಳಗೆ ಇಳಿದು ಬಂದರು. ಪೆಟ್ಟಿಗೆ ಅಲುಗಾಡಬಾರದು, ನೆಟ್ಟಗಿರಬೇಕು, ತಣ್ಣಗಿರಬೇಕು, ತಡವಾಗಬಾರದು ಎಂದರು. ಮ್ಯಾನೇಜರು ತಲೆ ಕೆರೆದುಕೊಂಡು ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿದರು. ಪೆಟ್ಟಿಗೆಗೆ ಲಿಫ್ಟು ವಾಪಸ್ ಸಿಕ್ಕಿತು. ನನಗೆ ಸಿಗಲಿಲ್ಲ.

“ಸಾರ್, ಪೆಟ್ಟಿಗೆ ಹೋಗಬಹುದು, ನಾನ್ ಹೋಗ್ಬಾರ್ದು ಅಂದ್ರೆ ಹ್ಯಾಗೆ?” ಎಂದು ಕೇಳಿದೆ.

“ಪೆಟ್ಟಿಗೆ ಸೀಲ್ ಆಗಿರುತ್ತೆ” ಎಂದರು. “ನೀನು ಸೀಲ್ ಆಗಿಲ್ಲ.”

ಹಾಗೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನೆಲದ ಮೇಲಿಟ್ಟರೆ ಯಾರಾದರೂ ಕಾಲು ತಾಗಿಸುತ್ತಾರೆ ಎಂದು ಡಾಕ್ಟರಮ್ಮ ಹೇಳಿದ್ದರಿಂದ, ಮ್ಯಾನೇಜರು ಪೆನ್ನಿನಿಂದ ನಮ್ಮ ಶೆಡ್ಡಿನ ಕಡೆ ತೋರಿಸಿದರು. ವಾಚ್‌ಮ್ಯಾನ್ ಬಂದು ಸ್ಟೂಲು ಎತ್ತಿಕೊಂಡು ಹೋಗಿ ಲಿಫ್ಟಿನೊಳಗೆ ಇಟ್ಟ. ಅಂದಿನಿಂದ ಪೆಟ್ಟಿಗೆ ಕೂತುಕೊಂಡು ಹೋಗತೊಡಗಿತು. ಕಡ್ಡಿ ಅಕ್ಕ ಅದಕ್ಕೆ ದೊರೆ ಎಂದು ಹೆಸರಿಟ್ಟಳು.

ಇನ್ನು ಕೆಲಸದ ಕ್ರಮ ಕೇಳಿ. ದೊರೆಯನ್ನು ಸ್ಟೂಲಿನ ಮೇಲೆ ಕೂರಿಸಬೇಕು. ನಾಲ್ಕನೆಯ ಮಹಡಿಯ ಗುಂಡಿ ಒತ್ತಬೇಕು. ಬಾಗಿಲು ಮುಚ್ಚುವುದರೊಳಗೆ ಈಚೆ ಜಿಗಿಯಬೇಕು. ಜಿಗಿದು ಮೆಟ್ಟಿಲ ಕಡೆ ಓಡಬೇಕು. ದೊರೆ ಮೇಲೆ ತಲುಪಿ ಬಾಗಿಲು ತೆರೆದಾಗ ನಾನು ಎದುರಿಗೆ ನಿಂತಿರಬೇಕು. ನಿಂತಿಲ್ಲವಾದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೆಳಗೆ ಯಾರೋ ಗುಂಡಿ ಒತ್ತಿರುತ್ತಾರೆ. ದೊರೆ ಪುನಃ ಕೆಳಗೆ ಸವಾರಿ ಹೊರಡುತ್ತಾರೆ. ನಾನು ಪುನಃ ಇಳಿಯಬೇಕು.

ಎಷ್ಟು ಮೆಟ್ಟಿಲು ಎಂದು ಎಣಿಸಿಲ್ಲ. ಎಣಿಸುವುದಕ್ಕೂ ಉಸಿರು ಬೇಕು. ನನ್ನ ಬಲ ಮೊಣಕಾಲು ಹಳೆಯದು, ನಾನು ನಾಲ್ಕನೆಯ ಮಹಡಿ ತಲುಪಿದ ಸ್ವಲ್ಪ ಹೊತ್ತಿನ ಮೇಲೆ ಅದು ಬಂದು ಸೇರಿಕೊಳ್ಳುತ್ತಿತ್ತು.

ಎರಡನೆಯ ಮಹಡಿಯಲ್ಲಿ ಮೂಳೆ ವಾರ್ಡು. ಕೈಕಾಲು ಮುರಿದುಕೊಂಡವರು ಹೊತ್ತು ಹೋಗದೆ ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಸಾಲಾಗಿ ಕೂತಿರುತ್ತಿದ್ದರು. ಲಿಫ್ಟು ಅವರ ಎದುರಿಗೇ. ಅದು ಯಾವ ಮಹಡಿಯಲ್ಲಿದೆ ಎಂದು ತೋರಿಸುವ ಕೆಂಪು ದೀಪ ಅವರಿಗೆ ಕಾಣುತ್ತದೆ. ಅವರಿಗೆಲ್ಲ ಮುಖಂಡ ಪ್ಲಾಸ್ಟರ್ ಮಾವ. ತೊಡೆಯಿಂದ ಪಾದದವರೆಗೆ ಕಟ್ಟು, ಬಾಯಿಗೆ ಮಾತ್ರ ಯಾವ ಕಟ್ಟೂ ಇಲ್ಲ.

“ಅಕ್ಕಾ, ದೊರೆ ಒಂದು ಬಿಟ್ರು! ಬೇಗ ಬೇಗ!”

“ಅಕ್ಕಾ, ಇಲ್ಲಿ ಯಾರೋ ಹತ್ತುತ್ತಿದಾರೆ, ಉಸಿರು ತಗೋ!”

“ಅಯ್ಯೋ, ಮೂರು ದಾಟೇ ಬಿಟ್ರಲ್ಲಪ್ಪಾ!”

ನಾನು ಗೆದ್ದ ದಿನ ಚಪ್ಪಾಳೆ, ಸೋತ ದಿನ ನಿಟ್ಟುಸಿರು. ಕೈ ಮುರಿದವರು ಬೆಂಚು ತಟ್ಟುತ್ತಿದ್ದರು. ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಅಕ್ಕ ಎಂದು ಕರೆದು, ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳದೆ ಇದ್ದವರು ಅವರು ಮಾತ್ರ.

ದೊರೆಯ ಸವಾರಿಗಳು ಒಂದೆರಡಲ್ಲ. ಒಂದು ಸಲ ಹೆರಿಗೆ ವಾರ್ಡಿನ ಅಜ್ಜಿಯೊಬ್ಬಳು ಮಗುವಿಗೆ ಉಡುಗೊರೆ ಬಂದಿದೆ ಎಂದು ದೊರೆಯನ್ನು ಎತ್ತಿಕೊಂಡು ಹೋಗಿ ತೊಟ್ಟಿಲ ಕೆಳಗೆ ಇಟ್ಟಿದ್ದಳು. ಇನ್ನೊಂದು ಸಲ ಯಾರೋ ದೊರೆಯನ್ನು ನೆಲಕ್ಕೆ ಇಳಿಸಿ, ತಾವು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತ ಮೇಲೆ ಕೆಳಗೆ ಓಡಾಡುತ್ತಿದ್ದರು. ಲಿಫ್ಟಿಗೆ ಹೊಸದಾಗಿ ಫ್ಯಾನ್ ಹಾಕಿದ್ದಾರಂತೆ.

ಆಮೇಲೆ ನಾನು ಬಿದ್ದ ದಿನ ಬಂತು.

ಮೂರು ಮತ್ತು ನಾಲ್ಕರ ನಡುವೆ ಕಾಲು ಜಾರಿತು. ಮೊಣಕಾಲು ಮೆಟ್ಟಿಲ ಅಂಚಿಗೆ ಬಡಿಯಿತು. ಕಣ್ಣು ಕತ್ತಲೆ ಬಂತು. ಗೌನು ಹರಿದು ರಕ್ತ ಇಳಿಯಿತು. ಪ್ಲಾಸ್ಟರ್ ಮಾವ ಊರುಗೋಲು ಊರಿಕೊಂಡು ಒಂದೇ ಕಾಲಿನಲ್ಲಿ ಕುಪ್ಪಳಿಸಿ ಮೇಲೆ ಬಂದ. ಮ್ಯಾನೇಜರೂ ಬಂದರು. ದೂರ ನಿಂತರು. ಪೆನ್ನು ಚಾಚಿ ಕೇಳಿದರು.

“ಪೆಟ್ಟಿಗೆ ಎಲ್ಲಿ?”

“ಸಾರ್, ಅಕ್ಕನಿಗೆ ರಕ್ತ ಬರ್ತಿದೆ” ಎಂದ ಮಾವ.

“ರಕ್ತ ಆಮೇಲೆ ನೋಡೋಣ. ಪೆಟ್ಟಿಗೆ ಎಲ್ಲಿ?”

ಪೆಟ್ಟಿಗೆ ಕೆಳಗೆ ಹೋಗಿತ್ತು. ಕ್ಯಾಂಟೀನಿನವನು ಅದರ ಮೇಲೆ ಬನ್ನಿನ ಟ್ರೇ ಇಟ್ಟಿದ್ದ. ನನಗೆ ಕೈ ಎತ್ತಿ ಮೇಲಿನಿಂದ ಟೀ ಸುರಿಯುವವನು, ಸಿಂಬಳದ ಮೇಲೆ ಬನ್ನು ಇಟ್ಟಿದ್ದ. ಮ್ಯಾನೇಜರು ಎಲ್ಲರ ಮುಂದೆ ನನಗೆ ಹೇಳಿದರು. “ಇನ್ನೊಂದು ಸಲ ಪೆಟ್ಟಿಗೆ ಕೈತಪ್ಪಿತೋ, ಕೆಲಸಕ್ಕೆ ಬರ್ಬೇಡ. ಮತ್ತೆ ಆ ಮೆಟ್ಟಿಲು ಒರೆಸು, ಗಲೀಜಾಗಿದೆ.”

ನನ್ನ ರಕ್ತವನ್ನು ನಾನೇ ಒರೆಸಿದೆ. ಮೊಣಕಾಲು ಊರಲಾಗದೆ ಕೂತು, ಜರುಗಿ ಜರುಗಿ ಒರೆಸಿದೆ. ಆ ಹೊತ್ತು ನನಗೆ ನಗು ಬರಲಿಲ್ಲ. ಆ ಪೆನ್ನನ್ನು ಕಿತ್ತುಕೊಂಡು ಅವರ ಮೂಗಿನಲ್ಲಿ ಹಿಂದಿನ ಗೋಡೆ ಮುಟ್ಟುವ ತನಕ ತೂರಿಸಬೇಕು ಅನ್ನಿಸಿತು.

ಮನೆಯಲ್ಲಿ ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಗಂಡ ಲಾರಿ ಓಡಿಸುವವನು, ಬಂದಾಗ ಬರುತ್ತಾನೆ. ಒಲೆ ಉರಿಯುವುದು ನನ್ನ ಸಂಬಳದಿಂದ. ಅದು ಅತ್ತೆಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡು ಓಡುತ್ತಿದ್ದೆ. ಅತ್ತೆಯ ಬಾಯಿ ಮಾತ್ರ ಮುಚ್ಚುವಂಥದ್ದಲ್ಲ.

“ಏನೇ, ಆ ಪೆಟ್ಟಿಗೆ ಬಂದು ನಿನ್ನ ಕಾಲು ಒತ್ತುತ್ತಾ?”

“ಸುಮ್ನಿರಿ ಅತ್ತೆ.”

“ಆ ಸ್ಟೂಲು ಯಾರದ್ದು?”

“ನಮ್ಮದು. ಶೆಡ್ಡಿಂದು.”

“ಮತ್ತೆ? ತಗೊಂಡು ಕೂತ್ಕೋಬಾರ್ದಾ? ಕೂರೋಕೂ ಡಾಕ್ಟರು ಚೀಟಿ ಬರ್ದು ಕೊಡ್ಬೇಕಾ?”

ಅತ್ತೆ ಆಯುಷ್ಯವೆಲ್ಲ ಬೇರೆಯವರ ಪಾತ್ರೆ ತಿಕ್ಕಿದವಳು. ತಿಕ್ಕಿದ ಪಾತ್ರೆ ಮನೆಯೊಳಗೆ ಹೋಗುತ್ತಿತ್ತು. ತಿಕ್ಕಿದವಳು ಹಿತ್ತಲ ಬಾಗಿಲ ಆಚೆಗೇ ನಿಲ್ಲಬೇಕಿತ್ತು. ಯಾಕೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ನನಗೆ ಹೇಳುವುದಕ್ಕೆ ಇವರಿಗೆ ಒಂದು ವೈರಸ್ ಸಿಕ್ಕಿತು, ಅಷ್ಟೇ ವ್ಯತ್ಯಾಸ. ಅವಳು ಎಣ್ಣೆ ತಿಕ್ಕುತ್ತಲೇ ಇದ್ದಳು. ನಾನು ಆ ಸ್ಟೂಲನ್ನೇ ಯೋಚಿಸುತ್ತ ನಿದ್ದೆ ಹೋದೆ.

ಗಾಯದ ಹಕ್ಕಳೆ ಉದುರುವ ಮೊದಲೇ ಮ್ಯಾನೇಜರಿಗೆ ಕೆಮ್ಮು ಬಂತು.

ಅವರಿಗೆ ಮರುದಿನ ಒಂದು ಸನ್ಮಾನ ಇತ್ತು. ನಮ್ಮ ಆಸ್ಪತ್ರೆಗೆ ‘ನೌಕರಸ್ನೇಹಿ ಸಂಸ್ಥೆ’ ಎಂಬ ಪ್ರಶಸ್ತಿ ಬಂದಿತ್ತು. ಅದನ್ನು ಇಸಿದುಕೊಳ್ಳಲು ವೇದಿಕೆ ಹತ್ತಬೇಕು, ದೊಡ್ಡವರ ಕೈ ಕುಲುಕಬೇಕು. ವೈರಸ್ ಇಲ್ಲ ಎಂದು ಲ್ಯಾಬಿನ ರಿಪೋರ್ಟ್ ತೋರಿಸದೆ ಒಳಗೆ ಬಿಡುವುದಿಲ್ಲವಂತೆ. ನಮ್ಮನ್ನು ತಮ್ಮ ಕೋಣೆಗೆ ಬರಹೇಳಿದರು. “ಗಾಳಿ ಆಡದ ಕೋಣೇಲಿ ಕಡ್ಡಿ ಹಾಕೋ ಹಾಗಿಲ್ಲ, ಅವರೇ ಬರ್ಲಿ” ಎಂದು ಕಡ್ಡಿ ಅಕ್ಕ ಹೇಳಿ ಕಳುಹಿಸಿದಳು. ಬಂದರು. ಮೂಗಿಗೆ ಕರವಸ್ತ್ರ, ಅದರ ಮೇಲೆ ಮಾಸ್ಕು, ಮಾಸ್ಕಿನ ಮೇಲೆ ಕೈ. ಶೆಡ್ಡಿಗೆ ಕಾಲಿಟ್ಟದ್ದು ಅದೇ ಮೊದಲು. ಸುತ್ತ ನೋಡಿದರು.

“ಏನು ಸೆಕೆ! ನೀವು ಕೂತ್ಕೊಳ್ಳೋದು ಎಲ್ಲಿ?” ಎಂದರು.

ರೋಗಿಯ ಕುರ್ಚಿಯಲ್ಲಿ ಅವರನ್ನು ಕೂರಿಸಿದೆ. ಕಡ್ಡಿ ಕಂಡ ಕೂಡಲೇ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು.

“ಇಷ್ಟುದ್ದಾನಾ? ಎಷ್ಟು ಒಳಗೆ ಹೋಗುತ್ತೆ?”

“ಹೋಗ್ಬೇಕಾದಷ್ಟು.”

“ಸ್ವಲ್ಪ ತುದೀಲೇ ತಗೊಳ್ಳಮ್ಮಾ.”

“ತುದೀಲಿ ಬರೀ ಕೋಪ ಸಿಗುತ್ತೆ ಸಾರ್” ಎಂದಳು ಕಡ್ಡಿ ಅಕ್ಕ. “ವೈರಸ್ ಒಳಗಿರುತ್ತೆ.”

“ಮೆದುಳಿಗೆ ತಾಗಿಬಿಟ್ರೆ?”

“ಇದ್ರೆ ತಾನೇ ತಾಗೋದು? ನೀವು ಹೆದರ್ಬೇಡಿ.”

ಅವರು ಅದನ್ನು ಸಮಾಧಾನದ ಮಾತು ಎಂದೇ ತಿಳಿದು ತಲೆ ಅಲ್ಲಾಡಿಸಿದರು. ಅಲ್ಲಾಡಿಸಬೇಡಿ ಎಂದು ತಲೆ ಹಿಡಿದುಕೊಂಡೆ. ಕಡ್ಡಿ ಒಳಗೆ ಹೋಯಿತು. ಅವರು ನನ್ನ ಗೌನಿನ ತೋಳನ್ನು ಹಿಡಿದರು. ಕಣ್ಣಲ್ಲಿ ನೀರು ಧಾರೆ. “ಅಮ್ಮಾ” ಎಂದರು. ಸೀಲ್ ಆಗದ ನನ್ನನ್ನು ಹಿಡಿದುಕೊಂಡು, ಕಡ್ಡಿ ಹೊರಗೆ ಬಂದ ಮೇಲೂ ಬಿಡಲಿಲ್ಲ. ಆಮೇಲೆ ಎಚ್ಚರವಾಗಿ, ಬಿಟ್ಟು, ಕೈಗೆ ಸ್ಯಾನಿಟೈಸರ್ ಕೇಳಿದರು.

“ಅರ್ಜೆಂಟು. ನನ್ನದೊಂದೇ ಮೊದಲು ಕಳ್ಸಿ” ಎಂದರು.

ಪೆಟ್ಟಿಗೆಯಲ್ಲಿ ಅವರದೊಂದೇ ಟ್ಯೂಬು ಇತ್ತು. ಇದನ್ನು ಒತ್ತಿ ಹೇಳುತ್ತೇನೆ. ಬೇರೆ ಯಾರದಾದರೂ ಮೂಗು ಅದರಲ್ಲಿ ಇದ್ದಿದ್ದರೆ ನಾನು ಶಪಿಸುತ್ತ ಓಡಿಯೇ ಓಡುತ್ತಿದ್ದೆ.

ಲಿಫ್ಟಿನ ತನಕ ಅವರು ನನ್ನ ಹಿಂದೆಯೇ ಬಂದರು, ಮಾರು ದೂರ ಬಿಟ್ಟು. ಅವರಿಗೂ ಮೇಲೆ ಹೋಗಬೇಕಿತ್ತು. ಬಾಗಿಲು ತೆರೆಯಿತು. ನಾನು ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟೆ. “ಬನ್ನಿ ಸಾರ್” ಎಂದೆ. ಅವರು ಕದಲಲಿಲ್ಲ.

“ಅದು ಹೋಗ್ಲಿ. ನಾನು ಆಮೇಲೆ ಬರ್ತೀನಿ.”

“ಯಾಕೆ ಸಾರ್?”

“ಅದರಲ್ಲಿ ವೈರಸ್ ಇರ್ಬಹುದಲ್ಲ.”

“ಅದು ನಿಮ್ಮದೇ ಮೂಗಿಂದು ಸಾರ್. ಪೆಟ್ಟಿಗೆ ಸೀಲ್ ಬೇರೆ ಆಗಿದೆ.”

“ಹೇಳಿದಷ್ಟು ಮಾಡು! ನೀನು ಓಡು, ಮೇಲೆ ಹೋಗಿ ಹಿಡ್ಕೋ. ಹ್ಞೂಂ, ಓಡು!”

ಆ ‘ಓಡು’ ನನ್ನ ಮೊಣಕಾಲಿಗೆ ತಾಗಿತು. ತನ್ನ ಸಿಂಬಳದ ಜೊತೆ ನಿಲ್ಲಲು ತಾನೇ ಹೇಸುವ ಮನುಷ್ಯ. ಅದನ್ನು ದಿನವೂ ಹೊರುವವಳಿಗೆ ಓಡು ಎನ್ನುತ್ತಾನೆ. ನನಗೆ ಅತ್ತೆಯ ಮಾತು ನೆನಪಾಯಿತು. ಪೆಟ್ಟಿಗೆಯನ್ನು ಎತ್ತಿ ಲಿಫ್ಟಿನ ನೆಲದ ಮೂಲೆಗೆ ಇಟ್ಟೆ. ಸ್ಟೂಲನ್ನು ಈಚೆ ತಂದೆ. ನಾಲ್ಕು ಒತ್ತಿ ಜಿಗಿದೆ. ಬಾಗಿಲು ಮುಚ್ಚಿತು. ದೊರೆ ಹೊರಟರು.

ನಾನು ಸ್ಟೂಲು ಹಾಕಿಕೊಂಡು ಕೂತೆ.

“ಏಯ್, ಏನ್ ಮಾಡ್ತಿದೀಯ? ಓಡು!”

“ಆಗಲ್ಲ ಸಾರ್.”

“ಆಗಲ್ಲ ಅಂದ್ರೆ?”

“ಕೂತಿದೀನಿ. ಕಾಣ್ತಿಲ್ವಾ?”

“ಅದು ನಿನ್ನ ಕೆಲಸ!”

“ಪೆಟ್ಟಿಗೆ ಮುಟ್ಟಿಸೋದು ನನ್ನ ಕೆಲಸ. ಅದನ್ನ ಹಿಡ್ಕೊಂಡು ಲಿಫ್ಟಲ್ಲಿ ಹೋಗೋಕೆ ನೀವು ಬಿಡ್ಲಿಲ್ಲ. ಪೆಟ್ಟಿಗೆ ಜೊತೆ ಪಂದ್ಯ ಓಡೋದು ನನ್ನ ಕೆಲಸ ಅಲ್ಲ.”

“ನಾಳೆಯಿಂದ ಬರ್ಬೇಡ ನೀನು!”

ಒಲೆ ಕಣ್ಣ ಮುಂದೆ ಬಂತು. ಆದರೂ ಏಳಲಿಲ್ಲ. ಎದ್ದರೆ ಇನ್ನು ಯಾವತ್ತೂ ಕೂರುವುದಕ್ಕೆ ಆಗುವುದಿಲ್ಲ ಎಂದು ಗೊತ್ತಿತ್ತು. “ಸರಿ ಸಾರ್. ಇವತ್ತು ಇನ್ನೂ ಮುಗ್ದಿಲ್ಲ” ಎಂದೆ. ನನ್ನ ದನಿ ನಡುಗುತ್ತಿತ್ತು. ಸ್ಟೂಲು ನಡುಗಲಿಲ್ಲ.

ಮ್ಯಾನೇಜರು ವಾಚ್‌ಮ್ಯಾನ್ ಕಡೆ ತಿರುಗಿದರು. “ನೀನು ಓಡಯ್ಯಾ!”

“ನಾನಾ ಸಾರ್?” ಅವನು ಬೋರ್ಡನ್ನು ಓದುವವನಂತೆ ಕತ್ತು ಚಾಚಿದ. “ಪೆಟ್ಟಿಗೆ ಮುಟ್ಟಿದ್ರೆ ನಾನೂ ಮಾದರಿ ಸಿಬ್ಬಂದಿ ಆಗ್ತೀನಿ. ಆಮೇಲೆ ನಿಮ್ಮ ಕಾರಿನ ಬಾಗಿಲು ಯಾರು ತೆಗೀತಾರೆ?”

ಲಿಫ್ಟಿನ ದೀಪ ಮೂರಕ್ಕೆ ಬಂತು. ಮ್ಯಾನೇಜರು ದೀಪ ನೋಡಿದರು, ನನ್ನನ್ನು ನೋಡಿದರು, ಮೆಟ್ಟಿಲು ನೋಡಿದರು. ಪ್ಯಾಂಟು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿದರು.

ಮೇಲೆ ನಡೆದದ್ದನ್ನು ಆಮೇಲೆ ಪ್ಲಾಸ್ಟರ್ ಮಾವ ಊರುಗೋಲು ಸಮೇತ ಅಭಿನಯಿಸಿ ತೋರಿಸಿದ. ಆಗ ನನಗೆ ಕೇಳಿಸಿದ್ದು ದನಿ ಮಾತ್ರ.

“ಅಕ್ಕಾ, ದೊರೆ ಮೂರು... ಅಯ್ಯೋ, ಇದ್ಯಾರು? ಸಾರ್ರು!” ಆಮೇಲೆ ಮೂಳೆ ವಾರ್ಡೇ ಕೂಗಿತು. “ಸಾರ್, ಬೇಗ ಬೇಗ! ನಾಲ್ಕಕ್ಕೆ ಬಂತು! ಬಾಗಿಲು ತೆಗೀತು! ಸಾರ್, ಕಂಬಿ ಹಿಡ್ಕೋಬೇಡಿ, ಧೂಳು! ಅಯ್ಯೋ, ಹೋಯ್ತಲ್ಲಪ್ಪಾ!”

ದೊರೆ ಕೆಳಗೆ ಬಂದರು. ನನ್ನ ಎದುರಿಗೇ ಬಾಗಿಲು ತೆರೆಯಿತು. ಒಳಗೆ ಹೆರಿಗೆ ವಾರ್ಡಿನ ಅದೇ ಅಜ್ಜಿ. “ಯಾರದ್ದಮ್ಮಾ ಈ ಪೆಟ್ಟಿಗೆ?” ಎಂದಳು. “ಮ್ಯಾನೇಜರ್ ಸಾಹೇಬ್ರದ್ದು ಅಜ್ಜಿ. ಅವರೇ ಬರ್ತಿದಾರೆ, ಇರ್ಲಿ ಬಿಡಿ” ಎಂದೆ. ಅಜ್ಜಿ ಇಳಿದಳು. ಮೆಟ್ಟಿಲಲ್ಲಿ ದಬದಬ ಸದ್ದು. ಮ್ಯಾನೇಜರು ಕೊನೆಯ ಮೆಟ್ಟಿಲಿಗೆ ಬಂದಾಗ ಬಾಗಿಲು ಮುಚ್ಚಿತು. ಮೇಲೆ ಯಾರೋ ಗುಂಡಿ ಒತ್ತಿದ್ದರು. ಅವರು ಬಾಗಿಲನ್ನು ಅಂಗೈಯಿಂದ ಬಡಿದರು. ತಿರುಗಿ ನನ್ನನ್ನು ನೋಡಿದರು. ಬೈಯುವುದಕ್ಕೆ ಉಸಿರಿರಲಿಲ್ಲ. ನನಗೆ ಆ ಸ್ಥಿತಿ ಚೆನ್ನಾಗಿ ಗೊತ್ತಿತ್ತು.

“ನಿಧಾನ ಸಾರ್” ಎಂದೆ. “ಮೂರು ನಾಲ್ಕರ ನಡುವೆ ಒಂದು ಮೆಟ್ಟಿಲು ಜಾರುತ್ತೆ. ನಾನೇ ಒರೆಸಿದ್ದು.”

ಎರಡನೆಯ ಸಲ ಮೂಳೆ ವಾರ್ಡಿನವರು ದಯೆ ತೋರಿದರು. ಪ್ಲಾಸ್ಟರ್ ಮಾವ ಲಿಫ್ಟಿನ ಬಾಗಿಲಿಗೆ ಊರುಗೋಲು ಅಡ್ಡ ಕೊಟ್ಟು ನಿಲ್ಲಿಸಿದ. ಮ್ಯಾನೇಜರು ಪೆಟ್ಟಿಗೆಯನ್ನು ಬಾಚಿ ತಬ್ಬಿಕೊಂಡರು. ಆದರೆ ಲಿಫ್ಟು ಹತ್ತುವಂತಿಲ್ಲವಲ್ಲ. ಪೆಟ್ಟಿಗೆ ಮುಟ್ಟಿಯಾಗಿತ್ತು. ಒಳಗಿದ್ದ, ಯಾರೋ ರೋಗಿಯ ಕಡೆಯ ಇಬ್ಬರು ನೆಂಟರು ಬೋರ್ಡು ಓದಿದವರು, “ನೀವು ಮೆಟ್ಟಿಲಲ್ಲಿ ಬನ್ನಿ” ಎಂದು ಬಾಗಿಲು ಮುಚ್ಚಿಕೊಂಡರಂತೆ. ಈ ಮಾತು ಹೇಳುವಾಗ ಮಾವ ನಕ್ಕು ನಕ್ಕು ಬೆಂಚಿನಿಂದ ಕೆಳಗೆ ಜಾರಿದ.

ಲ್ಯಾಬಿಗೆ ಪೆಟ್ಟಿಗೆ ತಲುಪಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮ್ಯಾನೇಜರಿಗೆ ಸಂಶಯ. ಅಷ್ಟು ಓಡಿದ್ದಕ್ಕೆ ಟ್ಯೂಬು ಸರಿಯಿದೆಯೋ ಇಲ್ಲವೋ ಎಂದು ಡಾಕ್ಟರಮ್ಮ ಕೈ ತೊಳೆದು ಬರುವುದರೊಳಗೆ ಪೆಟ್ಟಿಗೆ ತೆಗೆದರು. ಕವರು ತೆಗೆದರು. ಹತ್ತಿ ಬಿಚ್ಚಿದರು. ನಾನು ಬಿಗಿದ ಮುಚ್ಚಳವನ್ನು ತಿರುಗಿಸಿ, “ಇಷ್ಟೇನಾ?” ಎಂದು ಬಗ್ಗಿ ನೋಡಿದರು. ನೋಡುವಾಗಲೇ ಕೆಮ್ಮು ಬಂತು. ಗುಲಾಬಿ ನೀರು ಅವರ ಬೂಟಿನ ಮೇಲೆ ಬಿತ್ತು.

“ಇನ್ನೊಂದು ಸಲ ಕೊಡಿ” ಎಂದರು ಡಾಕ್ಟರಮ್ಮ. “ಬೂಟಿಂದ ಟೆಸ್ಟ್ ಮಾಡೋಕಾಗಲ್ಲ.”

ಅವರು ಪುನಃ ಶೆಡ್ಡಿಗೆ ಬಂದಾಗ ಸ್ಟೂಲು ಅದರ ಜಾಗದಲ್ಲಿತ್ತು. ಕಡ್ಡಿ ಅಕ್ಕ ಅದರ ಮೇಲೆ ಕೂತಿದ್ದಳು. ವಿಷಯ ನಾನು ಹೇಳಿಯಾಗಿತ್ತು. ಸಾಲಿನಲ್ಲಿ ಕೆಮ್ಮುವವರು, ಸೀನುವವರು ನಿಂತಿದ್ದರು. ಮ್ಯಾನೇಜರು ಯಾರನ್ನೂ ನೋಡದೆ ಸೀದಾ ಬಂದು ಕುರ್ಚಿಯಲ್ಲಿ ಕೂತು, ಕತ್ತು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ ಮೂಗು ಮೇಲೆತ್ತಿದರು. ಕಾದರು. ಏನೂ ಆಗಲಿಲ್ಲ. ಒಂದು ಕಣ್ಣು ತೆರೆದರು.

“ಹಾಕಮ್ಮಾ.”

ಕಡ್ಡಿ ಅಕ್ಕ ಕೈ ಕಟ್ಟಿಕೊಂಡಳು. “ಮೊದಲು ಬೋರ್ಡು” ಎಂದಳು. “ಆಮೇಲೆ ಮೂಗು.”

“ಏನು?”

“ಲಿಫ್ಟಿನ ಹತ್ರದ ಬೋರ್ಡು ತೆಗೀರಿ. ಮತ್ತೆ, ಇವಳಿಗೆ ನಾಳೆಯಿಂದ ಬರ್ಬೇಡ ಅಂದ್ರಂತಲ್ಲ. ಟ್ಯೂಬು ಹಿಡಿಯೋರಿಲ್ದೆ ನಾನು ಕಡ್ಡಿ ಹಾಕಲ್ಲ. ನನಗಿರೋದು ಎರಡೇ ಕೈ.”

“ಬೋರ್ಡು ತೆಗೆಯೋಕೆ ಮೀಟಿಂಗ್ ಕರೀಬೇಕಮ್ಮಾ!”

“ಕರೀರಿ ಸಾರ್. ಮೂಗು ಎಲ್ಲಿಗೂ ಓಡಿ ಹೋಗಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರು ನನ್ನ ಕಡೆ ತಿರುಗಿದರು. ಹೊತ್ತು ಮೀರುತ್ತಿತ್ತು, ಬೂಟು ಒದ್ದೆ, ನಾಳೆ ಸನ್ಮಾನ. ನಾನು ಏನಾದರೂ ಕರಗುತ್ತೇನೋ ಎಂದು ನೋಡಿದರು. ನಾನು ಗೌನು ಎತ್ತಿ ಮೊಣಕಾಲು ತೋರಿಸಿದೆ. ಹಕ್ಕಳೆ ಇನ್ನೂ ಇತ್ತು.

“ಅವತ್ತು ಇದು ಯಾರಿಗೂ ಕಾಣ್ಲಿಲ್ಲ ಸಾರ್” ಎಂದೆ. “ಪೆಟ್ಟಿಗೆ ಎಲ್ಲಿ ಅಂತ ಕೇಳಿದ್ರಿ.”

ಅವರು ಎದ್ದು ಹೋದರು. ಬೋರ್ಡನ್ನು ಅವರೇ ಕಿತ್ತರು. ಸಲೀಸಾಗಿ ಬರಲಿಲ್ಲ, ಗಟ್ಟಿ ಟೇಪು ಹಾಕಿಸಿದ್ದವರೂ ಅವರೇ. ಉಗುರಿನಿಂದ ಕೆರೆದು ಕೆರೆದು ಚೂರು ಚೂರಾಗಿ ತೆಗೆದರು. ವಾಚ್‌ಮ್ಯಾನ್ ಪಕ್ಕದಲ್ಲಿ ನಿಂತು, “ಸಾರ್, ಆ ಮೂಲೇಲಿ ಇನ್ನೊಂಚೂರಿದೆ” ಎಂದು ತೋರಿಸುತ್ತಿದ್ದ. ವಾಪಸ್ ಬಂದು ಕುರ್ಚಿಯಲ್ಲಿ ಕೂತು, “ಬಾ ನಾಳೆ” ಎಂದರು. “ಬನ್ನಿ ಅನ್ನಿ” ಎಂದಳು ಕಡ್ಡಿ ಅಕ್ಕ, ಕಡ್ಡಿಯ ಕವರು ಹರಿಯುತ್ತ. “ಬನ್ನಿ” ಎಂದರು. ಆಮೇಲೆ ಮೂಗು ಕೊಟ್ಟರು. ಈ ಸಲವೂ ನನ್ನ ತೋಳು ಹಿಡಿದುಕೊಂಡರು. ಸ್ಯಾನಿಟೈಸರ್ ಮಾತ್ರ ಕೇಳಲಿಲ್ಲ.

ಪೆಟ್ಟಿಗೆ ಹಿಡಿದು ಲಿಫ್ಟಿನ ಮುಂದೆ ನಿಂತೆ. ಗೋಡೆಯ ಮೇಲೆ ಟೇಪಿನ ಗುರುತು ಉಳಿದಿತ್ತು. ಬಾಗಿಲು ತೆರೆಯಿತು. ದೊರೆಯನ್ನು ಎದೆಗೆ ಒತ್ತಿ ಹಿಡಿದು ಒಳಗೆ ಹೋದೆ. ಹಿಂದೆ ಮ್ಯಾನೇಜರು ಬಂದಿದ್ದರು, ಡಾಕ್ಟರಮ್ಮನಿಗೆ ಬೇಗ ಮಾಡಿ ಎಂದು ಹೇಳಬೇಕಿತ್ತು.

“ಜಾಗ ಇದೆ, ಬನ್ನಿ ಸಾರ್.”

ಅವರು ಪೆಟ್ಟಿಗೆ ನೋಡಿದರು. ನನ್ನನ್ನು ನೋಡಿದರು. ಕೆಮ್ಮಿದರು. ಹೆದರಿದ್ದು ಯಾವುದಕ್ಕೋ ನನಗೆ ತಿಳಿಯದು. ಮೆಟ್ಟಿಲ ಕಡೆ ತಿರುಗಿದರು.

ನಾನು ಗುಂಡಿ ಒತ್ತಿದೆ. ಲಿಫ್ಟಿನಲ್ಲಿ ಫ್ಯಾನ್ ನಿಜವಾಗಿಯೂ ಇತ್ತು. ಬೆವರು ಆರುತ್ತಿತ್ತು. ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಇಡೀ ಬೆಂಚು ನನ್ನನ್ನು ನೋಡಿ ಬಾಯಿ ಬಿಟ್ಟಿತು. ಒಬ್ಬರೂ ಹಿಂದೆ ಸರಿಯಲಿಲ್ಲ. ಪ್ಲಾಸ್ಟರ್ ಮಾವ ಊರುಗೋಲು ಎತ್ತಿ ಸೆಲ್ಯೂಟ್ ಹೊಡೆದ. ನನಗೆ ಕಣ್ಣು ತುಂಬಿ ಬಂತು, ಕೈಯಲ್ಲಿ ಪೆಟ್ಟಿಗೆ ಇದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ. ಅಷ್ಟರಲ್ಲಿ ಕೆಳಗಿನ ಮೆಟ್ಟಿಲಿನಿಂದ ಒದ್ದೆ ಬೂಟಿನ ಪಚಪಚ ಸದ್ದು ಕೇಳಿಸಿತು. ಮಾವ ಕತ್ತು ಚಾಚಿ ಕೆಳಗೆ ನೋಡಿ, ಸಂತೋಷ ತಡೆಯಲಾಗದೆ ಕೂಗಿದ.

“ಸಾರ್, ಅಕ್ಕ ಎರಡು ಬಿಟ್ರು! ಬೇಗ ಬೇಗ!”

ಬಾಗಿಲು ಮುಚ್ಚಿತು. ಅಂದು ನಾನೂ ನನ್ನ ಮೊಣಕಾಲೂ ನಾಲ್ಕನೆಯ ಮಹಡಿಗೆ ಒಟ್ಟಿಗೇ ತಲುಪಿದೆವು.